ಸಹಿ ಒಬ್ಬರದು, ಕೈ ಮತ್ತೊಬ್ಬರದು



ಕುಮಾರವ್ಯಾಸನ ಊರಾದ ಗದಗಿನಲ್ಲಿ ದತ್ತಿ ಉಪನ್ಯಾಸವೆಂದರೆ ಕಾವ್ಯ, ವಚನ, ದಾಸರ ಪದ. ಹೆಚ್ಚೆಂದರೆ ಸಹಕಾರ ಚಳವಳಿ. ಮನೆಯ ವಯರಿಂಗ್ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಅವರಲ್ಲೊಬ್ಬರು, "ಮಾತಾಡ್ರಿ ಸರ, ನಮ್ಮ ಮನ್ಯಾಗ ಗೀಸರ್ ಮುಟ್ಟಿದ್ರ ಜುಮ್ ಅಂತೈತಿ" ಅಂದರು. ವಿಷಯ ಅಲ್ಲಿಗೇ ಮಂಜೂರಾಯಿತು. ನಾನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿ ನಿವೃತ್ತನಾದವನು. ಸಾಹಿತ್ಯದ ಸಭೆಯಲ್ಲಿ ಟೆಸ್ಟರ್ ಹಿಡಿದು ನಿಂತಿದ್ದಕ್ಕೆ ಕ್ಷಮೆ ಇರಲಿ.

ಜುಮ್ ಅನ್ನುವುದನ್ನು ನಮ್ಮ ಕಡೆ ಎಷ್ಟು ಸಲೀಸಾಗಿ ತಗೊಂಡುಬಿಟ್ಟಿದ್ದೇವೆ ನೋಡಿ. "ಕಾಲಾಗ ಚಪ್ಪಲಿ ಹಾಕ್ಕೊಂಡು ಮಿಕ್ಸರ್ ಹಚ್ಚವಾ" ಎಂದು ಅತ್ತೆ ಹೊಸ ಸೊಸೆಗೆ ಮನೆಯ ರೀತಿ-ರಿವಾಜಿನ ಜೊತೆಗೇ ಹೇಳಿಕೊಡುತ್ತಾಳೆ. ಫ್ರಿಜ್ಜಿನ ಮುಂದೆ ರಬ್ಬರ್ ಚಾಪೆ ಹಾಸುತ್ತೇವೆ. ಗೀಸರ್ ಆಫ್ ಮಾಡದೆ ನಳ ತಿರುವಬೇಡ ಎಂದು ಮಕ್ಕಳಿಗೆ ತಾಕೀತು ಮಾಡುತ್ತೇವೆ. ಅಂದರೆ ದೋಷ ಇದೆಯೆಂದು ಗೊತ್ತು, ಅದರ ಜೊತೆ ಬಾಳುವ ಉಪಾಯವೂ ಗೊತ್ತು. ದೋಷ ತೆಗೆಸುವುದು ಮಾತ್ರ ನಮಗೆ ಹೊಳೆಯುವುದಿಲ್ಲ.

2024ರ ಜನವರಿಯಲ್ಲಿ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಡೆದದ್ದು ನಿಮಗೆಲ್ಲ ನೆನಪಿದೆ. ನಟ ಯಶ್ ಅವರ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಹುಡುಗರಲ್ಲಿ ಮೂವರು ವಿದ್ಯುತ್ ತಗುಲಿ ತೀರಿಹೋದರು. ನಟರು ಊರಿಗೆ ಬಂದರು, ನಾಡೆಲ್ಲ ಮರುಗಿತು. ಮರುಗಬೇಕಾದ್ದೇ. ಅದು ಹೊರಗಿನ ತಂತಿಯ ಮಾತು. ಮನೆಯೊಳಗಿನ ಸಾವು ಹಾಗೆ ಒಮ್ಮೆಗೇ ಮೂರು ಬರುವುದಿಲ್ಲ. ಒಂದೊಂದಾಗಿ ಬರುತ್ತದೆ: ಬಟ್ಟೆ ಒಣಹಾಕುವ ತಂತಿಗೆ ಕರೆಂಟು ಇಳಿದು ಒಬ್ಬ ತಾಯಿ, ಕಾಯಿಲ್ ಹಾಕಿದ ಬಕೆಟ್ಟಿಗೆ ಕೈ ಅದ್ದಿ ಒಬ್ಬ ಹುಡುಗ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು, 'ಆಕಸ್ಮಿಕ ವಿದ್ಯುತ್ ಸ್ಪರ್ಶ' ಎಂಬ ಶೀರ್ಷಿಕೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ಈಚಿನ ವರ್ಷಗಳಲ್ಲಿ ದೇಶದಲ್ಲಿ ವಿದ್ಯುತ್ ತಗುಲಿ ಸಾಯುವವರು ವರ್ಷಕ್ಕೆ 12 ಸಾವಿರಕ್ಕೂ ಮೇಲೆ. ಹೊಲದ್ದು, ಕಂಬದ್ದು, ಕಾರ್ಖಾನೆಯದು ಎಲ್ಲ ಸೇರಿದ ಲೆಕ್ಕ ಅದು. ಆದರೂ ಮನೆಯೊಳಗಿನದಕ್ಕೆ ಆಕಸ್ಮಿಕ ಅನ್ನುವುದನ್ನು ನಾನು ಒಪ್ಪಲಾರೆ. ಅದನ್ನು ಯಾರೋ ಒಬ್ಬರು ಕೈಯಾರೆ ಜೋಡಿಸಿರುತ್ತಾರೆ.

ಹೇಗೆ ಜೋಡಿಸಿರುತ್ತಾರೆ? ಬೆಟಗೇರಿಯ ಮಗ್ಗದ ಓಣಿಯ ಒಂದು ಮನೆಯ ಬೋರ್ಡು ಬಿಚ್ಚೋಣ. ಮನೆ ಹೊಸದು. ಮುಂದೆ ಗ್ರಾನೈಟ್, ಮೇಲೆ ಪಿಒಪಿ, ಅದರೊಳಗೆ ಬಣ್ಣಬಣ್ಣದ ದೀಪ. ಸ್ವಿಚ್ಚುಗಳೂ ಒಳ್ಳೆಯ ಕಂಪನಿಯವು. ನಾಲ್ಕು ಸ್ಕ್ರೂ ಬಿಚ್ಚಿ ಫಲಕ ಎಳೆದರೆ ಹಿಂದೆ ಕಾಣುವುದೇ ಬೇರೆ. ಫೇಸಿಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಗೆ ಹಸಿರು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಇಲ್ಲಿ ಉಳಿದ ತುಂಡೆಲ್ಲ ಸೇರಿ ಕಾಮನಬಿಲ್ಲು. ಕೀಲುಗಳನ್ನು ಕೈಯಿಂದ ಹೊಸೆದು ಮೇಲೆ ಟೇಪು ಸುತ್ತಿದೆ, ಟೇಪು ಬೇಸಿಗೆಗೆ ಬಿಟ್ಟುಕೊಂಡಿದೆ. 16 ಆಂಪಿಯರ್ ಪ್ಲಗ್ಗಿಗೆ 4 ಚದರ ಮಿಲಿಮೀಟರ್ ವಯರ್ ಬರಬೇಕಾದಲ್ಲಿ ದೀಪಕ್ಕೆ ಹಾಕುವ 1.5ರ ವಯರ್. ಒಂದು ದೀಪದ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ಕಡಿಯುತ್ತಿದೆ; ಆಫ್ ಮಾಡಿದರೂ ಹೋಲ್ಡರ್ ಜೀವಂತ. ಬಲ್ಬು ಬದಲಿಸಲು ಸ್ಟೂಲ್ ಹತ್ತಿದವನಿಗೆ ಇದು ತಿಳಿಯುವುದು ಕೆಳಗೆ ಬಿದ್ದ ಮೇಲೆ.

ಇವೆಲ್ಲವನ್ನೂ ಕ್ಷಮಿಸಬಹುದು. ಕ್ಷಮಿಸಲಾಗದ್ದು ಮೂರು ಪಿನ್ನಿನ ಸಾಕೆಟ್ಟಿನ ಬೆನ್ನಿಗಿದೆ. ಅರ್ಥಿನ ದೊಡ್ಡ ತೂತಿನ ಹಿಂದಿನ ತಿರುಪಿನಿಂದ ನ್ಯೂಟ್ರಲ್ ತಿರುಪಿಗೆ ಒಂದು ಗೇಣೂ ಇಲ್ಲದ ವಯರಿನ ತುಂಡು. ಅರ್ಥಿಂಗ್ ಎಳೆಯುವ ಖರ್ಚು, ಶ್ರಮ ಎರಡೂ ಉಳಿಯಿತು. ಪರೀಕ್ಷೆ ಮಾಡುವವರು ಬಂದು ಫೇಸಿಗೂ ಅರ್ಥಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದರೆ ಅದು ಝಗ್ಗೆಂದು ಉರಿಯುತ್ತದೆ. ನಿಜವಾದ ಅರ್ಥಿಗಿಂತಲೂ ಚೆನ್ನಾಗಿ ಉರಿಯುತ್ತದೆ. "ನೋಡ್ರಿ, ಅರ್ಥಿಂಗ್ ಏಕ್‌ದಂ ಪಕ್ಕಾ ಐತಿ!" ಎಲ್ಲರೂ ಚಹಾ ಕುಡಿದು ಹೋಗುತ್ತಾರೆ. ಯಾವತ್ತೋ ಗಾಳಿ-ಮಳೆಗೆ ಕಂಬದ ಮೇಲೋ ಮೀಟರ್ ಹತ್ತಿರವೋ ನ್ಯೂಟ್ರಲ್ ಸಡಿಲಾಗುತ್ತದೆ. ಆಗ ಮನೆಯಲ್ಲಿ ಉರಿಯುತ್ತಿರುವ ಯಾವುದೋ ಒಂದು ದೀಪದ ಮೂಲಕ ಫೇಸ್ ಹಿಂದಿರುಗಿ ನ್ಯೂಟ್ರಲ್‌ಗೆ ಏರುತ್ತದೆ, ಅಲ್ಲಿಂದ ಆ ತುಂಡು ವಯರ್ ದಾಟಿ ಫ್ರಿಜ್ಜಿನ ಮೈಗೆ, ವಾಷಿಂಗ್ ಮಷೀನಿನ ಮೈಗೆ, ಗೀಸರ್ ನಳಕ್ಕೆ 230 ವೋಲ್ಟ್ ತಂದು ನಿಲ್ಲಿಸುತ್ತದೆ. ದೀಪ ಆರಿದ್ದು ನೋಡಿ "ಲೈಟ್ ಹೋಗ್ಯಾವ" ಅಂದುಕೊಂಡು ಮನೆಯವರು ಕತ್ತಲಲ್ಲಿ ಕೈ ಆಡಿಸುತ್ತಾರೆ. ಫ್ಯೂಸ್ ಹೋಗುವುದಿಲ್ಲ, ಎಂಸಿಬಿ ಬೀಳುವುದಿಲ್ಲ.

ಎಂಸಿಬಿ ಇದ್ದ ಮೇಲೆ ಭಯವೇನು ಎಂದು ಬಹಳ ಜನ ಕೇಳುತ್ತಾರೆ. ಎಂಸಿಬಿ ಇರುವುದು ವಯರನ್ನು ಕಾಯಲು. 16 ಆಂಪಿಯರ್ ಮೀರಿ ಹರಿದರೆ ವಯರ್ ಸುಡುತ್ತದೆಂದು ಅದು ಬೀಳುತ್ತದೆ. ಮನುಷ್ಯನ ಎದೆಬಡಿತ ಕೆಡಲು ಅಷ್ಟು ಬೇಡ. 30 ಮಿಲಿಆಂಪಿಯರ್, ಅಂದರೆ ಅದರ ಐನೂರರಲ್ಲಿ ಒಂದು ಪಾಲು ಮೀರಿದರೆ ಅಪಾಯದ ಗೆರೆ ದಾಟಿದಂತೆ. ಒದ್ದೆ ಕೈಯಲ್ಲಿ ಮುಟ್ಟಿದವನ ಮೈಯಲ್ಲಿ ಅದರ ಎಷ್ಟೋ ಪಟ್ಟು ಹರಿಯುತ್ತದೆ, ಎಂಸಿಬಿಗೆ ಸುದ್ದಿಯೂ ಮುಟ್ಟುವುದಿಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸಾಧನ. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಅದು ತೂಗುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ.

ಆರ್‌ಸಿಸಿಬಿ ಹಾಕಿಸಿದ ಮನೆಗಳೂ ಉಂಟು. ಆಮೇಲೆ ತೆಗೆಸಿದ ಮನೆಗಳು ಅದಕ್ಕಿಂತ ಹೆಚ್ಚು. "ಸುಮ್ಮ ಸುಮ್ಮನ ಬೀಳತಿತ್ರಿ, ಬೈಪಾಸ್ ಮಾಡಿ ಕೊಟ್ಟೀನಿ" ಎಂದು ವಯರಿಂಗ್ ಮಾಡಿದ ಹುಡುಗ ಹೇಳುತ್ತಾನೆ. ಅದು ಸುಮ್ಮನೆ ಬೀಳುವುದಿಲ್ಲ ತಮ್ಮಾ. ನೀನು ಎರಡು ಸರ್ಕ್ಯೂಟಿನ ನ್ಯೂಟ್ರಲ್ ಕಲಸಿದ್ದೀಯ, ಇನ್ವರ್ಟರಿನ ನ್ಯೂಟ್ರಲ್ ತಂದು ಅದಕ್ಕೇ ಸೇರಿಸಿದ್ದೀಯ, ಸಾಕೆಟ್ಟಿನ ಹಿಂದೆ ಆ ತುಂಡು ವಯರ್ ಇಟ್ಟಿದ್ದೀಯ. ಅದನ್ನು ಹಿಡಿದು ತೋರಿಸಿತು. ಹಿಡಿದು ತೋರಿಸಿದವನನ್ನೇ ಕೆಲಸದಿಂದ ತೆಗೆಯುವುದು ನಮ್ಮ ನಾಡಿನಲ್ಲಿ ಹೊಸದಲ್ಲ, ಬಿಡಿ.

ಈ ಸೀಮೆಗೆ ತನ್ನದೇ ಆದ ಎರಡು ಅಪಾಯಗಳಿವೆ. ಒಂದು ನೀರು. ಗದಗ-ಬೆಟಗೇರಿಯಲ್ಲಿ ನಳ ಬರುವುದು ನಾವು ಕಾದು ಸೋತ ಮೇಲೆ. ಬಂದ ದಿನ ಮನೆಮನೆಯಲ್ಲೂ ಮೋಟರ್ ಹಚ್ಚುವ ಗಡಿಬಿಡಿ. ಸಂಪಿನ ಬಾಯಿ ತೆರೆದಿದೆ, ಅಂಗಳವೆಲ್ಲ ಒದ್ದೆ, ಒಳಗಿನ ಪ್ಲಗ್ಗಿನಿಂದ ಕಿಟಕಿ ದಾಟಿ ಎರಡೆಳೆಯ ಪ್ಲಾಸ್ಟಿಕ್ ವಯರ್ ಬಂದಿದೆ. ಎರಡೆಳೆ ಎಂದರೆ ಮೂರನೆಯ ಅರ್ಥ್ ಎಳೆ ಇಲ್ಲವೇ ಇಲ್ಲ. ಹೆಂಗಸರು ಬರಿಗಾಲಲ್ಲಿ ಸೀರೆ ಎತ್ತಿಕಟ್ಟಿ ಪೈಪು ಹಿಡಿದು ನಿಂತಿರುತ್ತಾರೆ. ವಯರ್ ಎಲ್ಲೋ ಒಂದು ಕಡೆ ತುಂಡಾಗಿ ಕೀಲು ಹಾಕಿಸಿಕೊಂಡಿರುತ್ತದೆ, ಆ ಕೀಲು ನೀರಲ್ಲಿರುತ್ತದೆ.

ಇನ್ನೊಂದು ಮಣ್ಣು. ಹಳೆಯ ಮನೆಗಳಲ್ಲಿ ಅರ್ಥ್ ತಂತಿಯನ್ನು ನಳದ ಕಬ್ಬಿಣದ ಪೈಪಿಗೆ ಸುತ್ತುತ್ತಿದ್ದರು. ಶಾಸ್ತ್ರಕ್ಕೆ ಒಪ್ಪದಿದ್ದರೂ ಪೈಪು ಊರ ತುಂಬ ಮಣ್ಣಲ್ಲಿ ಓಡಿದ್ದರಿಂದ ಹೇಗೋ ನಡೆಯುತ್ತಿತ್ತು. ಆಮೇಲೆ ಆ ಪೈಪು ಕಿತ್ತು ಪಿವಿಸಿ ಹಾಕಿದರು. ತಂತಿ ಇನ್ನೂ ನಳಕ್ಕೆ ಸುತ್ತಿಕೊಂಡೇ ಇದೆ. ಹಿಂದೆ ಮಾತ್ರ ಏನೂ ಇಲ್ಲ. ಹೊಸ ಮನೆಗಳಲ್ಲಿ ಪೈಪು ಹುಗಿಯುತ್ತಾರೆ. ಭಾರತೀಯ ಮಾನಕ 3043 ಹೇಳುವುದು ಎರಡೂವರೆ ಮೀಟರ್‌ಗೆ ಕಡಿಮೆ ಇಲ್ಲದ ಪೈಪು. ನಮ್ಮಲ್ಲಿ ನಾಲ್ಕಡಿ ಹೋದ ಮೇಲೆ ಕಲ್ಲು ತಾಕಿತೆಂದು ಉಳಿದದ್ದನ್ನು ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಮುಂಡರಗಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಒಳ್ಳೆಯ ಅರ್ಥ್ ಕೊಡುತ್ತದೆ. ಬೇಸಿಗೆಗೆ ಬಿರಿದು ಪೈಪಿನಿಂದ ದೂರ ಸರಿದು ನಿಲ್ಲುತ್ತದೆ. ಶಿರಹಟ್ಟಿ ಕಡೆಯ ಮಸಾರಿ, ಗರಸು, ಕಪ್ಪತಗುಡ್ಡದ ಸೆರಗಿನ ಕಲ್ಲುನೆಲ ಮೊದಲೇ ಕರೆಂಟಿಗೆ ಒಲಿಯುವುದಿಲ್ಲ. ಬೇಸಿಗೆಯಲ್ಲಿ ಅರ್ಥಿನ ತಡೆ 50 ಓಮ್ ಇದೆ ಅನ್ನಿ. ಗೀಸರ್ ಮೈಗೆ ಫೇಸ್ ಇಳಿದರೆ ನೆಲಕ್ಕೆ ಹರಿಯುವುದು ಐದು ಆಂಪಿಯರೂ ಇಲ್ಲ. 16ರ ಎಂಸಿಬಿ ಅದಕ್ಕೆ ಜಗ್ಗುವುದಿಲ್ಲ. ಆರ್‌ಸಿಸಿಬಿಗಾದರೆ ಅದು ಬೇಕಾದ್ದಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ದೊಡ್ಡ ಸುದ್ದಿ. ಹಾಗಾಗಿ ನಮ್ಮಂಥ ಒಣನೆಲದವರಿಗೆ ಅದು ಶ್ರೀಮಂತರ ಸೊಗಸಲ್ಲ. ಗಾರೆ-ಗಿಲಾವಿಗಿಂತ ಮೊದಲು ಬರೆಯಬೇಕಾದ ಖರ್ಚು.

ಇಷ್ಟೆಲ್ಲ ದೋಷವನ್ನು ಯಾರೂ ಕೇಳುವವರಿಲ್ಲವೆ? ಕಾನೂನಿನಲ್ಲಿ ಧಾರಾಳ ಇದ್ದಾರೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮ ಅಂದೇ ಹೇಳಿತ್ತು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚಿನಂಥವನ್ನು ಬದಲಿಸುವುದು ಬಿಟ್ಟರೆ ಉಳಿದ ವಯರಿಂಗ್ ಕೆಲಸವನ್ನು ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರನೇ ಮಾಡಬೇಕು, ಅರ್ಹತಾ ಪತ್ರ ಇರುವವನ ನೇರ ಉಸ್ತುವಾರಿಯಲ್ಲೇ ಮಾಡಬೇಕು. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲೂ 2023ರಲ್ಲೂ ಹೊರಡಿಸಿದ ಸುರಕ್ಷತಾ ನಿಯಮಗಳೂ ಅದನ್ನೇ ಮುಂದುವರಿಸಿವೆ. ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಎಂಬ ಇಲಾಖೆ ಇದೆ. ಗುತ್ತಿಗೆದಾರರಿಗೆ ಲೈಸೆನ್ಸ್, ಮೇಲ್ವಿಚಾರಕರಿಗೂ ವೈರ್‌ಮನ್‌ಗಳಿಗೂ ಪರ್ಮಿಟ್ ಕೊಡುವುದು ಅದೇ. ಐದು ವರ್ಷ ಮೀರದಂತೆ ಒಮ್ಮೆ ಪ್ರತಿ ಗ್ರಾಹಕನ ವಯರಿಂಗ್ ತಪಾಸಣೆ ಆಗಬೇಕೆಂಬ ಮಾತು 1956ರ ನಿಯಮದಲ್ಲೂ 2010ರ ನಿಯಮದಲ್ಲೂ ಇತ್ತು. ನಿಮ್ಮ ಮನೆಗೆ ಹಾಗೆ ಯಾರಾದರೂ ಬಂದಿದ್ದರೆ ಕೈ ಎತ್ತಿ ಎಂದು ಕೇಳುವುದಿಲ್ಲ. ಉತ್ತರ ಈ ಸಭಾಂಗಣಕ್ಕೆಲ್ಲ ಗೊತ್ತಿದೆ.

ನಡೆಯುವುದು ಹೀಗೆ. ಗೋಡೆ ಕೊರೆದು ಪೈಪು ಹೂಳಿ ವಯರ್ ಎಳೆದವನು ಊರಿನ ಹುಡುಗ. ಯಾರದೋ ಹಿಂದೆ ಎರಡು ವರ್ಷ ಚೀಲ ಹೊತ್ತು ಕಲಿತವನು. ಅವನ ಹತ್ತಿರ ಪರ್ಮಿಟ್ ಇಲ್ಲ. "ಕಾರ್ಡ್ ಐತ್ರಿ ಸರ" ಎಂದು ಅಭಿಮಾನದಿಂದ ತೋರಿಸುವುದು ಕಟ್ಟಡ ಕಾರ್ಮಿಕರ ಕಾರ್ಡು. ಅದು ಅವನ ಸೌಲಭ್ಯಕ್ಕೆ ಕೊಟ್ಟದ್ದು, ಕೆಲಸಕ್ಕೆ ಕೊಟ್ಟ ಯೋಗ್ಯತಾಪತ್ರವಲ್ಲ. ಮನೆ ಮುಗಿಯುತ್ತಲೇ ಮೀಟರ್ ಬೇಕು. ಮೀಟರಿಗೆ ಅರ್ಜಿ ಹಾಕಲು ವಯರಿಂಗ್ ಮುಗಿದ ವರದಿ ಬೇಕು, ವರದಿಗೆ ಲೈಸೆನ್ಸ್ ಇದ್ದವರ ಸಹಿ-ಸಿಕ್ಕಾ ಬೇಕು. ಸಹಿಗೆ ಒಂದು ದರವಿದೆ. ಸಹಿ ಹಾಕುವವರು ಆ ಮನೆಯ ಹೊಸ್ತಿಲು ತುಳಿದಿರಬೇಕೆಂದೇನೂ ಇಲ್ಲ. ವರದಿಯಲ್ಲಿ ಇನ್ಸುಲೇಷನ್ ತಡೆ ಎಷ್ಟು ಮೆಗಾಓಮ್, ಅರ್ಥ್ ತಡೆ ಎಷ್ಟು ಓಮ್ ಎಂದು ಬರೆಯುವ ಜಾಗವಿದೆ. ತಡೆ ಅಳೆಯುವ ಮೆಗ್ಗರ್ ಉಪಕರಣದ ಪೆಟ್ಟಿಗೆ ಬಿಚ್ಚದೆಯೇ ಅಲ್ಲಿ ಅಂಕಿಗಳು ತುಂಬುತ್ತವೆ. ಊರು ಯಾವುದಾದರೂ, ಮಣ್ಣು ಯಾವುದಾದರೂ, ಎಲ್ಲ ವರದಿಗಳಲ್ಲೂ ಹೆಚ್ಚುಕಡಿಮೆ ಅವೇ ಅಂಕಿಗಳು! ಕಡತ ನೋಡುವ ಕಚೇರಿಗೆ ಕಾಗದ ಸರಿಯಿದೆ. 2002ರಿಂದ ನಮ್ಮ ಭಾಗಕ್ಕೆ ವಿದ್ಯುತ್ ಕೊಡುತ್ತಿರುವ ಹೆಸ್ಕಾಂನ ಹೊಣೆ ಮೀಟರ್ ತನಕ. ಅದರಾಚೆ ಮನೆಯವನದು. ಮನೆಯವನಿಗೆ ತಿಳಿಯುವುದು ಸ್ವಿಚ್ಚಿನ ಬಣ್ಣ ಒಂದೇ.

ಸಾವಾದಾಗ ಇದರ ಫಲ ಕೈಗೆ ಬರುತ್ತದೆ. ವಿದ್ಯುತ್ ಕಾಯ್ದೆಯ 161ನೆಯ ಕಲಮಿನಂತೆ ಅಪಘಾತದ ಸುದ್ದಿ ಪರಿವೀಕ್ಷಕರಿಗೆ ಹೋಗಬೇಕು, ಅವರು ಬಂದು ನೋಡಿ ವರದಿ ಬರೆಯುತ್ತಾರೆ. ದೋಷ ಮನೆಯೊಳಗಿನ ವಯರಿಂಗಿನದೆಂದು ಬಂದರೆ ಕಂಪನಿಯಿಂದ ಪರಿಹಾರದ ದಾರಿ ಸಾಮಾನ್ಯವಾಗಿ ಮುಚ್ಚಿದಂತೆ. ವಯರಿಂಗ್ ಮಾಡಿದವನು ಯಾರು? ಕಾಗದದಲ್ಲಿ ಇರುವವನು ಮಾಡಿಲ್ಲ, ಮಾಡಿದವನು ಕಾಗದದಲ್ಲಿಲ್ಲ. ವೈದ್ಯನ ಮೇಲೆ, ವಕೀಲನ ಮೇಲೆ ದೂರು ಕೊಡಲು ಪರಿಷತ್ತು ಇದೆ. ಕೆಟ್ಟ ಗುತ್ತಿಗೆದಾರನ ಲೈಸೆನ್ಸ್ ರದ್ದು ಮಾಡುವ ಅಧಿಕಾರ ಪರಿವೀಕ್ಷಣಾಲಯಕ್ಕೂ ಇದೆ. ಆದರೆ ಲೈಸೆನ್ಸೇ ಇಲ್ಲದವನಿಂದ ಕಸಿದುಕೊಳ್ಳುವುದೇನನ್ನು?

ಇಷ್ಟು ಹೇಳಿ ಹುಡುಗರ ಮೇಲೆ ಹರಿಹಾಯ್ದು ಇಳಿದುಹೋದರೆ ನಾನು ಕಲಿಸಿದ್ದಕ್ಕೆ ನಾನೇ ಮೋಸ ಮಾಡಿದಂತೆ. ಅವರು ದಡ್ಡರಲ್ಲ. ಕೆಲಸ ಕೊಡುವುದು ಪಾಯಿಂಟ್ ಲೆಕ್ಕದಲ್ಲಿ, ಇಲ್ಲವೆ ಚದರಡಿ ಲೆಕ್ಕದಲ್ಲಿ. ದಿನಕ್ಕೆ ಎಷ್ಟು ಪಾಯಿಂಟ್ ಎಳೆದೆ ಎಂಬುದರ ಮೇಲೆ ಅವನ ಕೂಲಿ. ಅರ್ಥ್ ತಡೆ ಅಳೆದದ್ದಕ್ಕೆ ಯಾರೂ ರೂಪಾಯಿ ಕೊಡುವುದಿಲ್ಲ. ಮನೆಯ ಯಜಮಾನರು ಗ್ರಾನೈಟ್ ನೋಡಲು ಇಳಕಲ್ಲಿಗೆ ಹೋಗಿಬರುತ್ತಾರೆ, ಅಡುಗೆಮನೆಯ ಕಪಾಟಿಗೆ ಲಕ್ಷ ಎಣಿಸುತ್ತಾರೆ. ವಯರಿನ ಬಂಡಲ್ ಮಾತು ಬಂದಾಗ "ಒಳಗ ಮುಚ್ಚಿ ಹೋಗೂದಲ್ಲೇನಪಾ, ಸಾದಾದ್ದ ತಗೊ" ಅನ್ನುತ್ತಾರೆ. ಹಿಂದೆ ಮೇಲ್ಮುದ್ದೆ ಮನೆಗಳಲ್ಲಿ ಜಂತಿಗುಂಟ ಕಟ್ಟಿಗೆ ಪಟ್ಟಿ ಬಡಿದು ವಯರ್ ಓಡಿಸುತ್ತಿದ್ದರು. ನೋಡಲು ಚೆಂದವಿರಲಿಲ್ಲ, ಆದರೆ ಸುಟ್ಟರೆ ಕಣ್ಣಿಗೆ ಕಾಣುತ್ತಿತ್ತು. ಈಗ ಎಲ್ಲವೂ ಗೋಡೆಯೊಳಗೆ. ಕಾಣದ ಕೆಲಸಕ್ಕೆ ಕಾವಲು ಹೆಚ್ಚು ಬೇಕಿತ್ತು, ನಾವು ಇದ್ದದ್ದನ್ನೂ ತೆಗೆದೆವು. ಐಟಿಐಯಲ್ಲಿ ಎರಡು ವರ್ಷ ಕೂತು ಟ್ರೇಡ್ ಸರ್ಟಿಫಿಕೇಟ್ ಪಡೆದವನು ಹುಬ್ಬಳ್ಳಿ, ಬೆಂಗಳೂರಿನ ಕಾರ್ಖಾನೆ ಹಿಡಿಯುತ್ತಾನೆ, ಇಲ್ಲವೆ ಲೈನ್‌ಮನ್ ನೇಮಕಾತಿಗೆ ಕಾಯುತ್ತಾನೆ. ಮನೆ ವಯರಿಂಗಿಗೆ ಉಳಿಯುವವರು ಶಾಲೆ ಬಿಟ್ಟವರು. ಅವರಿಗೆ ಸಂಜೆ ತರಗತಿ ನಡೆಸಿ, ಕೈಕೆಲಸ ಪರೀಕ್ಷಿಸಿ, ಕನ್ನಡದಲ್ಲೇ ಪ್ರಶ್ನೆ ಕೇಳಿ ಪರ್ಮಿಟ್ ಕೊಡಲು ಏನು ಅಡ್ಡಿ?

ಗದಗ ಅಚ್ಚುಕೂಟಗಳ ಊರು. 1867ರ ಕಾಯ್ದೆ ಅಚ್ಚಾದ ಪ್ರತಿ ಪುಸ್ತಕದ ಮೇಲೂ ಮುದ್ರಕನ ಹೆಸರು, ಮುದ್ರಣದ ಊರು ಇರಲೇಬೇಕೆಂದು ವಿಧಿಸಿತ್ತು. ಲಗ್ನಪತ್ರಿಕೆಯ ಮೂಲೆಯಲ್ಲೂ ಪ್ರೆಸ್ಸಿನ ಹೆಸರು ಇರುವುದು ನಮ್ಮಲ್ಲಿ ವಾಡಿಕೆ. ಈ ಉಪನ್ಯಾಸ ಅಚ್ಚಾದರೆ ಅದರ ಹಿಂಪುಟದಲ್ಲೂ ಇರುತ್ತದೆ. ಒಂದು ಅಕ್ಷರ ತಪ್ಪಾದರೆ ಯಾರನ್ನು ಬೈಯಬೇಕೆಂದು ಗೊತ್ತಿರುವ ಊರಿನಲ್ಲಿ, ಮನೆಯ ಮೇನ್ ಬೋರ್ಡಿನ ಬಾಗಿಲ ಒಳಬದಿಗೆ ವಯರಿಂಗ್ ಮಾಡಿದವನ ಹೆಸರು, ಪರ್ಮಿಟ್ ನಂಬರ್, ಅಳೆದ ದಿನ, ಅಳೆದ ಅಂಕಿ ಬರೆದು ಅಂಟಿಸುವುದು ಕಷ್ಟವೆ? ಹೆಸರು ಹಾಕಬೇಕೆಂದ ಕೂಡಲೆ ಕೈ ಬಿಗಿಯಾಗುತ್ತದೆ. ಸಹಿ ಮಾರುವವರು ಸ್ಥಳಕ್ಕೆ ಬರತೊಡಗುತ್ತಾರೆ, ಅಥವಾ ಮಾರುವುದು ಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ರೋಗದ ಬೇರು ಸಹಿ ಮಾಡುವವನೂ ಕೆಲಸ ಮಾಡುವವನೂ ಬೇರೆಯಾದದ್ದೇ. ಉಳಿದದ್ದೆಲ್ಲ ಅದರ ಕೊಂಬೆ.

ಇಂಗ್ಲೆಂಡಿನಲ್ಲಿ ವಯರಿಂಗ್ ನಿಯಮಗಳ ಮೊದಲ ಪುಸ್ತಕ ಬಂದದ್ದು 1882ರಲ್ಲಿ. ಆದರೂ ಮನೆಯೊಳಗಿನ ವಯರಿಂಗ್ ಕಟ್ಟಡ ನಿಯಮಗಳ ಹತೋಟಿಗೆ ಬರಲು 2005 ಆಯಿತು; ಬಾಡಿಗೆ ಮನೆಯ ಮಾಲೀಕರು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ವರದಿಯನ್ನು ಬಾಡಿಗೆದಾರರ ಕೈಗೆ ಕೊಡಬೇಕೆಂಬ ನಿಯಮ ಬಂದದ್ದು 2020ರಲ್ಲಿ. ಅಲ್ಲೂ ತಡವಾಯಿತು ಅನ್ನುವುದು ನಮಗೆ ಸಮಾಧಾನವಾಗಬೇಕಿಲ್ಲ. ವರದಿ ಕಚೇರಿಯ ಕಪಾಟಿಗೆ ಹೋಗದೆ ಮನೆಯಲ್ಲಿ ವಾಸಿಸುವವರ ಕೈಗೆ ಬರಬೇಕು ಎಂಬಷ್ಟನ್ನು ಅಲ್ಲಿಂದ ಎತ್ತಿಕೊಂಡರೆ ಸಾಕು.

ಉಪಕರಣದ ಮಾತಿದೆ. ಅರ್ಥ್ ಟೆಸ್ಟರ್, ಮೆಗ್ಗರ್ ಕೊಳ್ಳುವುದು ದಿನಗೂಲಿಯವನ ಕೈಲಾಗದು. ಇದಕ್ಕೆ ಉತ್ತರ ಇಲ್ಲಿಂದ ಹೆಚ್ಚು ದೂರವಿಲ್ಲ. 1905ರಲ್ಲಿ ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರ ಕಾಯ್ದೆ ಬಂದು ಒಂದೇ ವರ್ಷವಾಗಿತ್ತು. ಆ ಮಣ್ಣಿನಲ್ಲಿ ನಾಲ್ಕು ಊರಿನ ಎಲೆಕ್ಟ್ರಿಷಿಯನ್ನರು ಸೇರಿ ಒಂದು ಸಹಕಾರ ಸಂಘ ಮಾಡಲಾಗದೆ? ಸಂಘದ್ದೇ ಮೆಗ್ಗರ್, ಸಂಘದ್ದೇ ಅರ್ಥ್ ಟೆಸ್ಟರ್. ಸದಸ್ಯನಾಗಲು ಪರ್ಮಿಟ್ ಕಡ್ಡಾಯ. ಕೆಟ್ಟ ಕೆಲಸದ ದೂರು ಬಂದರೆ ಸಂಘವೇ ಹೋಗಿ ನೋಡಿ ಸರಿಪಡಿಸುವುದು. ಕಂಬ, ಏಣಿಯಿಂದ ಬಿದ್ದವನಿಗೆ ವಿಮೆ. ಸರ್ಕಾರದ ದಾರಿ ಕಾಯದೆ ಆಗಬಹುದಾದ ಕೆಲಸ ಇದು. ಇಲ್ಲಿ ಕೂತಿರುವ ಸಹಕಾರಿಗಳು ಮನಸ್ಸು ಮಾಡಿದರೆ ಬರುವ ದೀಪಾವಳಿಯೊಳಗೆ ಮೊದಲ ಸಭೆ ಕರೆಯಬಹುದು. ಪಾಠ ಹೇಳಲು ನಾನು ಬರುತ್ತೇನೆ, ಗೌರವಧನ ಬೇಡ.

ಇಲಾಖೆಯವರಲ್ಲಿ ಕೇಳುವುದು ಎರಡೇ. ವರದಿಗೆ ಸಹಿ ಮಾಡಿದವರು ಸ್ಥಳದಲ್ಲಿ ಮೀಟರ್ ಹಿಡಿದು ನಿಂತ ಫೋಟೊ ಇಲ್ಲದೆ ಹೊಸ ಸಂಪರ್ಕ ಕೊಡಬೇಡಿ. ಕೊಟ್ಟ ಸಂಪರ್ಕಗಳಲ್ಲಿ ಕೆಲವನ್ನಾದರೂ ಚೀಟಿ ಎತ್ತಿ ಆರಿಸಿ, ಹೇಳದೆ ಹೋಗಿ ಬೋರ್ಡು ಬಿಚ್ಚಿ ನೋಡಿ. ಸುಳ್ಳು ಬರೆದವರ ಲೈಸೆನ್ಸ್ ರದ್ದು ಮಾಡಿ, ಹೆಸರನ್ನು ಕಚೇರಿಯ ಬಾಗಿಲಿಗೆ ಹಚ್ಚಿ.

ನಿಮ್ಮಲ್ಲಿ ಕೇಳುವುದೂ ಸಣ್ಣದು. ಮನೆ ಕಟ್ಟಿಸುತ್ತಿರುವವರು ಕೊನೆಯ ಕಂತು ಕೊಡುವ ಮೊದಲು ಅರ್ಥ್ ಅಳೆದು ತೋರಿಸು ಅನ್ನಿ, ಅಳೆಯುವುದಕ್ಕೆ ಬೇರೆ ದುಡ್ಡು ಕೊಡಿ. ಗೋಡೆ ಮುಚ್ಚುವ ಮುಂಚೆ ಮೊಬೈಲಿನಲ್ಲಿ ಪೈಪುಗಳ ಫೋಟೊ ತೆಗೆದಿಡಿ. ಉಳಿದವರು ಈ ರಾತ್ರಿ ಮನೆಗೆ ಹೋದ ಮೇಲೆ ಮೇನ್ ಬೋರ್ಡಿನ ಬಾಗಿಲು ತೆರೆದು, ಟಿ ಅಕ್ಷರ ಬರೆದ ಪುಟ್ಟ ಬಟನ್ ಇದೆಯೇ ನೋಡಿ, ಇದ್ದರೆ ಒಮ್ಮೆ ಒತ್ತಿ. ಮನೆ ಕತ್ತಲಾದರೆ ಆರ್‌ಸಿಸಿಬಿ ಕೆಲಸ ಮಾಡುತ್ತಿದೆ, ಮತ್ತೆ ಮೇಲೆತ್ತಿ ಮಲಗಿ. ಕತ್ತಲಾಗದಿದ್ದರೆ, ಅಥವಾ ಬಟನ್ನೇ ಇಲ್ಲದಿದ್ದರೆ, ನಾಳೆ ಬೆಳಿಗ್ಗೆ ಪರ್ಮಿಟ್ ಇರುವವರನ್ನು ಕರೆಸಿ. ಅವರು ಬರುವ ತನಕ ಗೀಸರ್, ನಳದ ಮೋಟರ್ ಎರಡನ್ನೂ ಹಚ್ಚಬೇಡಿ.